ಜೋರಾಗಿ ಹೇಳೇ, ಇಲ್ಕಾ

ನಮ್ತಾತ ತರ್ನೋತ್ಸಿ ಗೆದೆಯೊನ್ ಅಂದ್ರೆ ಸೆಗೆದ್ ಊರಲ್ಲಿ ಗೊತ್ತಿಲ್ದೇ ಇರೋರು ಯಾರೂ ಇಲ್ಲ. ಐವತ್ತೆಂಟು ವರ್ಷ ನಾಟಕ, ಮೂವತ್ತೊಂದು ಸಿನಿಮಾ! ಟೀವೀಲಿ ಬರೋ ಫ್ರೆಂಚ್ ಪೊಲೀಸ್ ಧಾರಾವಾಹಿಯ ಇನ್ಸ್‌ಪೆಕ್ಟರ್‌ಗೆ ನಮ್ ಭಾಷೇಲಿ ದನಿ ಕೊಟ್ಟಿದ್ದೂ ಇವ್ರೇ. ಮಾರ್ಕೆಟ್ಟಲ್ಲಿ ಬಾಯಿಬಿಟ್ರೆ ಸಾಕು, ಮೀನು ಮಾರೋ ಪಿರೋಷ್ಕಾ ತಲೆ ಕೂಡ ಎತ್ತಲ್ಲ, "ಇನ್ಸ್‌ಪೆಕ್ಟರ್ ಸಾಹೇಬ್ರೆ, ಸಾರಿಗೆ ಕಾರ್ಪ್ ಮೀನು ತಾನೆ?" ಅಂತಾಳೆ. ನಾನು ಪಕ್ಕದಲ್ಲಿ ನಿಂತು ಸುಮ್ಸುಮ್ನೆ ಉಬ್ಬೋಗ್ತೀನಿ.

ಆದ್ರೆ ಈ ಚಳಿಗಾಲ ತಾತ ಮಾತು ಮರೆಯೋಕೆ ಶುರು ಮಾಡಿದ್ರು. ಹೊಸ ನಾಟಕದಲ್ಲಿ ಅವ್ರು ತಿಸಾ ಹೊಳೆ ದೋಣಿಯವ್ನು, ಹೆಂಡ್ತಿ ಹೊಳೆಪಾಲಾಗಿರ್ತಾಳೆ. ರಿಹರ್ಸಲ್ಲಲ್ಲಿ ಮೂರು ಸಲ ಮಾತು ಸಿಗದೆ ನಿಂತ್ಬಿಟ್ರು.

"ಗೆದೆಯೊನ್ ಮಾವ, ಕಿವಿಗೊಂದು ಮಾತು ಹೇಳ್ಕೊಡೋ ಸಣ್ಣ ಯಂತ್ರ ಹಾಕ್ಕೊಳ್ಳಿ," ಅಂದ ಡೈರೆಕ್ಟರ್ ಬೊಟೊಂಡ್. "ಇಲ್ಲಾಂದ್ರೆ, ಮೊದಲ್ನೇ ಶೋನಲ್ಲೇ ಎಡವಿದ್ರೆ, ಪಾತ್ರ ಬೇರೆಯವ್ರಿಗೆ."

"ಕಿವೀಲಿ ನೊಣ ಗುಂಯ್ ಅಂತಿದ್ರೆ ಪಾತ್ರ ಮಾಡೋದು ಹೇಗೋ? ನಂಗೆ ಇಲ್ಕಾ ಸಾಕು."

ಇಲ್ಕಾ ಅಜ್ಜಿ ನಮ್ ನೆಂಟರಲ್ಲ, ವೇದಿಕೆ ಮುಂದಿನ ಅಂಚಲ್ಲಿ ನೆಲದೊಳಗಿರೋ ಗೂಡಲ್ಲಿ ಕೂತು, ಮರೆತ ನಟರಿಗೆ ಮಾತು ಪಿಸುಗುಡೋರು. ನಲವತ್ತು ವರ್ಷ ಆಯ್ತು, ಜನಕ್ಕೆ ಅವ್ರ ಮುಖಾನೇ ಗೊತ್ತಿಲ್ಲ.

"ನಂಗೆ ಹಲ್ಲಿಲ್ಲ, ನಿಂಗೆ ಕಿವಿಯಿಲ್ಲ. ಒಳ್ಳೇ ಜೋಡಿ ಕಣೋ," ಅಂದ್ರು ಅಜ್ಜಿ.

ಮೊದಲ್ನೇ ಶೋ. ನಾನು ಮೂರನೇ ಸಾಲಲ್ಲಿ, ಉಗುರು ಕಚ್ಕೊಂಡು. ಕೊನೇ ದೃಶ್ಯ, ತಾತ ಹುಟ್ಟು ಹಿಡ್ಕೊಂಡು ಮುಂದೆ ಬಂದ್ರು. ನಿಂತ್ರು. ಮಾತಿಲ್ಲ.

ಇಲ್ಕಾ ಪಿಸುಗುಟ್ಟಿದ್ರು. ನಂಗೇ ಕೇಳಿಸ್ತು, ತಾತಂಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ. ಊಹೂಂ. ಪರದೆ ಪಕ್ಕ ಬೊಟೊಂಡ್ ತಲೆ ಮೇಲೆ ಕೈಯಿಟ್ಕೊಂಡ.

ಆಗ ತಾತ ನಿಧಾನಕ್ಕೆ ಮಂಡಿಯೂರಿ, ನೀರಿಗೆ ಬಗ್ಗೋ ಹಾಗೆ ಆ ಗೂಡಿನ ಕಡೆ ಬಗ್ಗಿ, ಕಿವಿಗೆ ಕೈ ಕೊಟ್ರು.

"ಜೋರಾಗಿ ಹೇಳೇ. ಹೊಳೆ ಸದ್ದಲ್ಲಿ ಏನೂ ಕೇಳಿಸ್ತಿಲ್ಲ."

ಇಡೀ ಸಭಾಂಗಣಕ್ಕೆ ಕೇಳೋ ಹಾಗೆ ಕೆಳಗಿಂದ ಒಡಕು ದನಿ ಬಂತು: "ಇನ್ಮೇಲೆ ನಾನು ಯಾರನ್ನೂ ದಾಟಿಸಲ್ಲ."

"ಇನ್ಮೇಲೆ ನಾನು ಯಾರನ್ನೂ ದಾಟಿಸಲ್ಲ," ಅಂದ್ರು ತಾತ, ಮೆಲ್ಲಗೆ. ಸತ್ತ ಹೆಂಡ್ತೀನೇ ನೀರೊಳಗಿಂದ ಗಂಡನ ಮನಸ್ಸಿನ ಮಾತು ಹೇಳ್ಕೊಟ್ಲು ಅಂದ್ಕೊಂಡ್ರು ಎಲ್ರೂ! ನನ್ನ ಪಕ್ಕದ ಹೆಂಗ್ಸು ಮೂಗು ಸೀಟ್ಕೊಂಡ್ಲು.

ಪರದೆ ಬಿತ್ತು. ಚದುರಿ ಚದುರಿ ಬರ್ತಿದ್ದ ಚಪ್ಪಾಳೆ ಇದ್ದಕ್ಕಿದ್ದಂಗೆ ಒಂದೇ ತಾಳಕ್ಕೆ ಬಂತು. ಏಳುನೂರು ಜನದ ಕೈ ಒಟ್ಟಿಗೆ, ಡಬ್, ಡಬ್, ಡಬ್. ಇದನ್ನೇ ನಾವು ಕಬ್ಬಿಣದ ಚಪ್ಪಾಳೆ ಅನ್ನೋದು. ನಮ್ಮ ಜನ ಅದನ್ನ ಸುಮ್ನೆ ಯಾರಿಗೂ ಕೊಡಲ್ಲ.

ತಾತ ಕೈಮುಗೀಲಿಲ್ಲ. ನೇರ ಗೂಡಿನ ಹತ್ರ ಹೋಗಿ ಕೈ ಚಾಚಿದ್ರು.

"ಬಾರೇ ಮೇಲೆ."

"ಬಿಡೋ, ಮನೆ ಚಪ್ಲೀಲಿದೀನಿ!"

ಆ ಚಪ್ಲೀಲೇ ಎಳ್ಕೊಂಡು ನಿಲ್ಸಿದ್ರು. ತಾಳ ಇನ್ನೂ ಜೋರಾಯ್ತು.

ಒಳಗೆ ಬೊಟೊಂಡ್ ಕಣ್ಣೊರೆಸ್ಕೊಂಡು, "ಮಾವ, ಪಾತ್ರ ನಿಮ್ದೇ. ನಾಳೇನೂ ಹೀಗೇ ಮರೀರಿ," ಅಂದ.

"ಮರೆತ್ನಾ? ಯಾರೋ ಅಂದಿದ್ದು? ಹೋಗು, ಪೋಸ್ಟರಲ್ಲಿ ಇವಳ ಹೆಸ್ರೂ ಹಾಕ್ಸು."

ಬೆಳಗ್ಗೆ ಮಾರ್ಕೆಟ್ಟಲ್ಲಿ ಪಿರೋಷ್ಕಾ ಮೊದಲ್ನೇ ಸಲ ತಲೆ ಎತ್ತಿ ನೋಡಿದ್ಲು. "ನಿನ್ನೆ ನಾಟಕಕ್ಕೆ ನಾನೂ ಬಂದಿದ್ದೆ. ನಿಮ್ಮ ಹೆಂಡ್ತಿ ಸತ್ರೂ ದನಿ ಗಟ್ಟಿಯಾಗಿದೆ ಬಿಡಿ!"

"ಕಾರ್ಪ್ ಎರಡು ಕೊಡಮ್ಮ," ಅಂದ್ರು ತಾತ. "ಒಂದು ಅವಳಿಗೆ."