ಬೆನ್ನಿರುವ ಅಂಗಿ

"ಅಳತೆ ಈಗಲೇ ತಗೊಂಡುಬಿಡಿ ಅತ್ತಿಗೆ. ಆಮೇಲೆ ಅಂದಾಜಿನ ಮೇಲೆ ಹೊಲಿದರೆ ಜೋಲುತ್ತೆ," ಎಂದು ಮಂಚದ ಮೇಲಿದ್ದವಳು ಹೇಳಿ, ತನ್ನ ಮಾತಿಗೆ ತಾನೇ ನಗಲು ಹೋಗಿ ಕೆಮ್ಮಿದಳು.

ಟೈಲರಮ್ಮ ಕತ್ತಿನ ಟೇಪನ್ನು ಮುಟ್ಟಿಕೊಂಡಳು. ಅವಸರದಲ್ಲಿ ಅದನ್ನು ತೆಗೆದಿಡುವುದನ್ನೂ ಮರೆತು ಆಸ್ಪತ್ರೆಗೆ ಬಂದಿದ್ದಳು. ದಾರಿಯುದ್ದಕ್ಕೂ ಅವಳು ಹೊಂದಿಸಿಕೊಂಡು ಬಂದದ್ದು ಬೇರೆಯೇ ಮಾತು. ಇವಳು ತಮ್ಮನ ಹೆಂಡತಿ. ಗಂಡನನ್ನೂ ಇನ್ನೂ ಶಾಲೆಗೆ ಸೇರದ ಮಗನನ್ನೂ ಬಿಟ್ಟು ಇನ್ನೊಬ್ಬನ ಹಿಂದೆ ಹೋದವಳು. ತಮ್ಮ ಆ ಕೊರಗಿನಲ್ಲೇ ಕುಡಿದು ಸತ್ತ, ಮಗುವನ್ನು ಸಾಕಿದ್ದು ಟೈಲರಮ್ಮ. ಈಗ ಆ ಇನ್ನೊಬ್ಬನೂ ಕೈಬಿಟ್ಟ ಮೇಲೆ ಸಾಯುವುದಕ್ಕೆ ಇದೇ ಊರು ಬೇಕಾಯಿತೇನೇ ನಿನಗೆ, ಎಂದು ಕೇಳಿಯೇ ಬಿಡಬೇಕೆಂದು, ನರ್ಸ್ ಹೇಳಿ ಕಳಿಸಿದ್ದೇ ತಡ, ಎದ್ದು ಬಂದಿದ್ದಳು.

ಕೇಳುವುದು ಅವಳಿಗೆ ಕಷ್ಟವೇನಲ್ಲ. ಚರ್ಚಿನಲ್ಲಿ ಮೊದಲ ಸಾಲಿನ ಬೆಂಚು ಅವಳದು. ಪಾದ್ರಿಗಳು ಪ್ರಸಂಗದ ನಡುವೆ 'ಪಾಪಿಗಳೇ' ಅಂದಾಗಲೆಲ್ಲ ಅವಳು ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಚರ್ಚಿನವರಲ್ಲಿ ಯಾರು ತೀರಿಕೊಂಡರೂ ಕೊನೆಯ ಅಂಗಿ ಅವಳ ಮೆಷಿನ್ನಿನದೇ. ಆ ಅಂಗಿಗೆ ಬೆನ್ನಿರುವುದಿಲ್ಲ. ಕುತ್ತಿಗೆಯಿಂದ ಕೆಳಗಿನವರೆಗೂ ಹಿಂದೆ ಸೀಳು. ಮುಂದಿನಿಂದ ತೋಳು ತೂರಿಸಿ, ಅಂಚುಗಳನ್ನು ಪಕ್ಕೆಯಡಿ ಸಿಕ್ಕಿಸಿದರೆ ಮುಗಿಯಿತು. ಪೆಟ್ಟಿಗೆಯಲ್ಲಿ ಮಲಗಿದವರ ಬೆನ್ನನ್ನು ಯಾರು ನೋಡುತ್ತಾರೆ?

ಅಳತೆಗೆಂದು ಪಕ್ಕಕ್ಕೆ ಹೊರಳಿಸಿದಾಗ ಟೈಲರಮ್ಮನ ಕೈ ತಡೆಯಿತು. ಆಸ್ಪತ್ರೆಯ ಅಂಗಿಗೆ ಹಿಂದೆ ಎರಡು ಲಾಡಿ ಮಾತ್ರ ಇದ್ದವು. ಬೆನ್ನೆಲುಬಿನ ಗಂಟುಗಳನ್ನು ಎಣಿಸಬಹುದಿತ್ತು. ಎದೆಯ ಸುತ್ತಳತೆ ನೋಡಿದರೆ ಶಾಲೆಯ ಹುಡುಗಿಯ ಫ್ರಾಕಿನಷ್ಟು. ಬಾಯಿಗೆ ಬಂದದ್ದು ಬಾಯಲ್ಲೇ ಉಳಿಯಿತು. ಸತ್ತವರನ್ನು ಎಷ್ಟೋ ಸಲ ಅಳೆದಿದ್ದಳು, ಆದರೆ ಹೀಗೆ ಉಸಿರಿನ ಜೊತೆ ಟೇಪು ಏರಿಳಿದದ್ದು ಇದೇ ಮೊದಲು.

"ಇವರು ಕೊಟ್ಟಿರೋ ಅಂಗಿಗೆ ಹಿಂದೆ ಬಟ್ಟೆಯೇ ಇಲ್ಲ ನೋಡಿ. ಎಷ್ಟು ಹೊದ್ದರೂ ಬೆನ್ನಿಗೆ ಚಳಿ. ನೀವು ಹೊಲಿಯೋದಕ್ಕಾದರೂ ಬೆನ್ನಿರಲಿ." ಗೋಡೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು: "ಅವನು ಒಂದು ಸಲ ಬಂದು ಹೋಗ್ತಾನಾ? ಮಾತಾಡದಿದ್ದರೂ ಪರವಾಗಿಲ್ಲ. ಬಾಗಿಲ ಹತ್ತಿರ ನಿಂತು ಹೋದರೂ ಸಾಕು."

"ನಾನು ಹೇಳಿದರೆ ಬರ್ತಾನೆ," ಅಂದಳು ಟೈಲರಮ್ಮ. ಅದು ಜಂಬವಲ್ಲ. ಅವಳು ಸಾಕಿದ ಹುಡುಗ ಅವಳ ಮಾತನ್ನು ಯಾವತ್ತೂ ಮೀರಿದವನಲ್ಲ.

ವೆಲ್ಡಿಂಗ್ ಅಂಗಡಿಯಲ್ಲಿ ಅವನು ಅರ್ಧ ಮುಗಿದ ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅತ್ತೆಯನ್ನು ಕಂಡು ಮುಖದ ಮಾಸ್ಕನ್ನು ಹಣೆಗೇರಿಸಿ, ಸ್ಟೂಲು ಒರೆಸಿ ಕೊಟ್ಟ. ಅವಳು ಎಲ್ಲ ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡ.

"ಬದುಕಿದ್ದಾಳೆ ಅಂತ ಗೊತ್ತಿತ್ತು ಅತ್ತೆ. ಮೀಸೆ ಬರೋ ಮೊದಲೇ ಗೊತ್ತಾಗಿತ್ತು. ಆದರೆ ಆ ಹೊತ್ತಿಗೆ ನಾನು ಅತ್ತು ಮುಗಿಸಿಬಿಟ್ಟಿದ್ದೆ."

"ಹಾಗಂದರೆ?"

"ಊಟದ ಮುಂಚೆ ಪ್ರಾರ್ಥನೆ ಮಾಡುವಾಗ 'ಅಮ್ಮನ್ನ ಕಳಿಸಿಕೊಡು ದೇವರೇ' ಅಂತಿದ್ದೆನಲ್ಲ, ನೆನಪಿದೆಯಾ? ಒಂದಿನ ನೀನು ತಟ್ಟೆ ಇಡ್ತಾ, 'ಸತ್ತವರಿಗಾಗಿ ನಮ್ಮಲ್ಲಿ ಪ್ರಾರ್ಥನೆ ಮಾಡಲ್ಲ ಕಣೋ' ಅಂದೆ. ಅವತ್ತೇ ನಿಲ್ಲಿಸಿದೆ."

ಚುಚ್ಚಬೇಕೆಂದು ಅವನು ಹೇಳಿದ್ದಲ್ಲ. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು. ಆ ದಿನ ಕುಡಿದು ಬಿದ್ದಿದ್ದ ತಮ್ಮನನ್ನು ಯಾರೋ ರಸ್ತೆಯಿಂದ ಎತ್ತಿಕೊಂಡು ಬಂದು ಜಗುಲಿಯಲ್ಲಿ ಮಲಗಿಸಿ ಹೋಗಿದ್ದರು. ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ನಮ್ಮ ಪಾಲಿಗೆ ಸತ್ತಳು ಅನ್ನುವುದನ್ನೇ ಚರ್ಚಿನ ನಿಯಮದ ಹಾಗೆ ಹೇಳಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಈ ಮಾತು ಹೋಗಿಯೂ ಇರಲಿಲ್ಲ. ಹುಡುಗನೊಳಗೆ ಬೇರು ಬಿಟ್ಟು ನಿಂತಿತ್ತು.

"ಸಿಟ್ಟಿನಲ್ಲಿ ಅಂದೆ ಕಣಪ್ಪ. ತಪ್ಪು ನಂದು. ಒಂದೇ ಒಂದು ಸಲ ಬಾ. ನಿನ್ನ ಕಾಲಿಗೆ ಬೀಳ್ತೀನಿ."

"ಹಾಗೆಲ್ಲ ಅನ್ನಬೇಡ ಅತ್ತೆ. ನನಗೆ ಸಿಟ್ಟಿಲ್ಲ. ಮುಖವೂ ನೆನಪಿಲ್ಲ. ಹುಡುಕಿದರೂ ಒಳಗೆ ಏನೂ ಸಿಗಲ್ಲ. ಬಂದು ಏನು ಮಾಡಲಿ?" ಅವನು ಮಾಸ್ಕು ಇಳಿಸಿಕೊಂಡ. "ಆ ಕಡೆ ತಿರುಗು. ಕಣ್ಣು ಹೋಗುತ್ತೆ."

ಅವಳು ತಿರುಗಿದಳು. ಎದುರು ಗೋಡೆಯ ಮೇಲೆ ಅವಳದೇ ನೆರಳು ಕಾಣಿಸಿಕೊಳ್ಳುತ್ತ, ಮಾಯವಾಗುತ್ತ ಇತ್ತು.

ಕೆಲಸ ಜಾಸ್ತಿ, ನಾಳೆ ಬರ್ತಾನಂತೆ ಎಂದುಬಿಡಬಹುದಿತ್ತು. ಸಾಯುವವಳಿಗೆ ಹೇಳಿದ ನಾಳೆಯ ಲೆಕ್ಕ ಯಾರು ಕೇಳುತ್ತಾರೆ? ವಾರ್ಡಿಗೆ ಬರುವವರೆಗೂ ಟೈಲರಮ್ಮ ಅದನ್ನೇ ಹೇಳುವುದೆಂದುಕೊಂಡಿದ್ದಳು. ಮಂಚದ ಪಕ್ಕದ ಸ್ಟೂಲನ್ನು ಬೇರೆ ಯಾರೋ ತೆಗೆದುಕೊಂಡಿದ್ದರು. ಅವಳು ನೆಲದ ಮೇಲೆ ಕೂತಳು. ಜೀವಮಾನದಲ್ಲಿ ಮೊದಲ ಸಲ ತಮ್ಮನ ಹೆಂಡತಿಯನ್ನು ತಲೆಯೆತ್ತಿ ನೋಡಬೇಕಾಯಿತು.

"ಬರಲ್ಲ. ಅವನದು ತಪ್ಪಿಲ್ಲ. ನೀನು ಸತ್ತೆ ಅಂತ ಚಿಕ್ಕವನಿದ್ದಾಗ ನಾನೇ ಹೇಳಿಬಿಟ್ಟೆ. ನನ್ನನ್ನ ಕ್ಷಮಿಸು."

ಮಂಚದ ಮೇಲಿದ್ದವಳು ಚಾವಣಿಯ ಕಡೆಗೆ ತಿರುಗಿದಳು. "ಆಗ ಅತ್ತನಾ?" ಎಂದು ಕೇಳಿದಳು.

"ಅತ್ತ. ಊಟ ಮುಟ್ಟಲಿಲ್ಲ. ಜ್ವರ ಬಂತು."

"ಹಾಗಾದರೆ ಬಿಡಿ. ನನಗೋಸ್ಕರ ಅಳೋದು ಆಗಿಹೋಯ್ತಲ್ಲ. ಮಗುವಿಗೆ ಇನ್ನೊಂದು ಸಲ ಬೇಡ." ಕಣ್ಣು ಮುಚ್ಚಿಕೊಂಡಳು. "ಬೆನ್ನು ಮರೀಬೇಡಿ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಮತ್ತೆ ಕೇಳುವ ಧೈರ್ಯ ಟೈಲರಮ್ಮನಿಗೂ ಬರಲಿಲ್ಲ.

ಆ ವಾರದಲ್ಲೇ ಒಂದು ಬೆಳಿಗ್ಗೆ ನರ್ಸ್ ಹೇಳಿ ಕಳಿಸಿದಳು. ಟೈಲರಮ್ಮ ಅಂಗಿ ಹಿಡಿದು ಓಡಿದಾಗ ದೇಹ ಇನ್ನೂ ಸೆಟೆದಿರಲಿಲ್ಲ. ಹೆಣಕ್ಕೆ ಬಟ್ಟೆ ತೊಡಿಸುವುದರಲ್ಲಿ ಪಳಗಿದ ಚರ್ಚಿನ ಇಬ್ಬರು ಹೆಂಗಸರು ಬಂದಿದ್ದರು. ಅವರಲ್ಲಿ ಹಿರಿಯಳು ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದೇನ್ರೀ, ಹಿಂದೆಯೂ ಹೊಲಿದುಬಿಟ್ಟಿದ್ದೀರಿ! ತೊಡಿಸೋದು ಹೇಗೆ? ಕತ್ತರಿ ಕೊಡಿ, ಸೀಳಿಬಿಡ್ತೀನಿ."

"ಕತ್ತರಿ ಬೇಡ. ನಾನು ಎತ್ತಿ ಹಿಡ್ಕೋತೀನಿ."

ಟೈಲರಮ್ಮ ಮಂಚದ ಮೇಲೆ ಕೂತು, ಕಂಕುಳಡಿ ಎರಡೂ ಕೈ ಹಾಕಿ, ಸತ್ತವಳನ್ನು ಎದೆಗೆ ಒರಗಿಸಿಕೊಂಡಳು. ತಲೆ ಅವಳ ಹೆಗಲ ಮೇಲೆ, ಟೇಪಿನ ಮೇಲೆ ಬಂದು ನಿಂತಿತು. ಹೆಂಗಸರು ಗೊಣಗುತ್ತ ಒಂದೊಂದೇ ತೋಳು ತೂರಿಸಿ ಬಟ್ಟೆಯನ್ನು ಕೆಳಗೆಳೆದರು. ಅಂಗಿ ಎಲ್ಲೂ ಜೋಲಲಿಲ್ಲ.

ಬಾಗಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ಟೈಲರಮ್ಮ ತಟ್ಟನೆ ಕತ್ತೆತ್ತಿ ನೋಡಿದಳು. ಪೆಟ್ಟಿಗೆ ತಂದವರು.

"ಆಯ್ತು, ಇನ್ನು ಮಲಗಿಸಿ," ಎಂದಳು ಹಿರಿಯಳು.

ಟೈಲರಮ್ಮ ಮಲಗಿಸಲಿಲ್ಲ. ಅವಳ ಅಂಗೈ ಆ ಬೆನ್ನಿನ ಹೊಲಿಗೆಯ ಮೇಲೆ ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು, ಮಗುವಿಗೆ ತೇಗು ಬರಿಸುವವರ ಹಾಗೆ.