ಕುಸುಬಿ ಎಣ್ಣೆಗೆ ಕರಿಬೇವಿನ ಕಾವಲು

ರೋಣದ ಅಂಗಡಿಕಾರ ಮುಕುಂದ ಬಾಟಲಿಯ ಮುಚ್ಚಳ ತೆಗೆದು ಮೂಗು ಮುರಿದ.

"ಮತ್ತ ಕಮಟು ಹೊಡಿತೈತ್ರಿ ಶೇಖವ್ವಾ. ಎಣ್ಣಿ ಕೆಡದಂಗ ಪ್ಯಾಟ್ಯಾಗ ಪುಡಿ ಸಿಗತೈತಿ, ಹಾಕ್ರಿ. ಇಲ್ಲಂದ್ರ ತರಬ್ಯಾಡ್ರಿ."

"ಪುಡಿನೂ ಹಾಕಂಗಿಲ್ಲ, ತರೂದೂ ಬಿಡಂಗಿಲ್ಲ. ಈ ಬ್ಯಾಸಗಿ ಮುಗೀಲಿ, ಬಂದು ಮಾತಾಡ್ತೇನಿ!"

ಶೇಖವ್ವ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ತನ್ನೂರು ಬೆಳವಣಕಿಯ ಬಸ್ಸು ಹತ್ತಿದಳು. ಮುಕುಂದ ಎಣ್ಣೆ ಕೊಳ್ಳದಿದ್ದರೆ ಅವಳ ಮಹಿಳಾ ಸಂಘದ ಎಣ್ಣೆ ಗಾಣ ನಿಲ್ಲುತ್ತಿತ್ತು. ಗಾಣ ನಿಂತರೆ ಸಂಘದ ಹೆಂಗಸರ ದುಡಿಮೆಯೂ ನಿಂತಂತೆ.

ಮರುದಿನ ಸುದ್ದಿ ಕೇಳಿದ ಗೆಳತಿ ಅರ್ಚನಾ ಒಂದು ಹಿಡಿ ಕರಿಬೇವು ಹಿಡಿದು ಮನೆಗೆ ಬಂದಳು. ಆಹಾರ ಸಂಸ್ಕರಣೆಯ ತರಬೇತಿ ಪಡೆದವಳು ಅವಳು. ಮೊದಲು ಎಣ್ಣೆಯ ಕ್ಯಾನಿನೊಳಗೆ ಬಗ್ಗಿ ನೋಡಿದಳು.

"ತಳದಾಗ ಹಳೇ ಎಣ್ಣಿ ಹಂಗ ಐತಲ್ಲವಾ?"

ಶೇಖವ್ವನ ಅತ್ತೆ ಗುಡ್ಡವ್ವ ಪಡಸಾಲೆಯಿಂದಲೇ ಗದರಿದಳು: "ಇರಲಿ ಬಿಡ! ಪೂರಾ ಬರಿದು ಮಾಡಿದ್ರ ಲಕ್ಷ್ಮಿ ಮನಿ ಬಿಟ್ಟು ಹೋಗ್ತಾಳ."

"ಆಯಿ, ಆ ಕಮಟು ಎಣ್ಣಿ ಹೊಸಾದನ್ನೂ ಲಗೂ ಕೆಡಸತೈತಿ. ಗಾಳಿ, ಬಿಸಿಲು ತಾಗಿದ್ರಂತೂ ಕುಸುಬಿ ಎಣ್ಣಿ ತಡಿಯಂಗಿಲ್ಲ. ಲಕ್ಷ್ಮಿಗೆ ಒಂದು ಗಿಂಡ್ಯಾಗ ಬ್ಯಾರೆ ಎಣ್ಣಿ ಇಡ್ರಿ. ಕ್ಯಾನು ತೊಳದು ಒಣಗಸೂಣು."

"ಕರಿಬೇವು ಯಾಕ? ಎಣ್ಣಿಗೇ ಒಗ್ಗರಣಿ ಹಾಕ್ತೀಯೇನ?"

"ಹಂಗ ಅನ್ರಿ! ಇದರ ಸತ್ವ ಎಣ್ಣಿ ಕಮಟಾಗೂದನ್ನ ತಡಾ ಮಾಡತೈತಿ. ಹಸೀದು ಹಾಕಬಾರದು, ನೀರಿನಂಶ ಇದ್ರ ಎಣ್ಣಿ ಕೆಡತೈತಿ. ನೆರಳಾಗ ಗರಿಗರಿ ಒಣಗಿಸಿ, ಬೆಚ್ಚಗಿನ ಎಣ್ಣ್ಯಾಗ ನೆನಸಿ, ಸೋಸಿ ತಗೀಬೇಕು. ಆದ್ರ ಆಗಲೇ ಕೆಟ್ಟ ಎಣ್ಣಿ ಇದರಿಂದ ಚಲೋ ಆಗಂಗಿಲ್ಲ."

"ನಮ್ಮ ಹಿರ್ಯಾರು ಯಾರೂ ಹಿಂಗ ಮಾಡಿಲ್ಲ."

"ಅವರು ಬಾಟಲಿ ತುಂಬಿ ಪ್ಯಾಟಿಗೂ ಕಳಿಸಿರಲಿಲ್ಲ ಅತ್ತಿ," ಎಂದಳು ಶೇಖವ್ವ.

ಒಂದೇ ದಿನ ತೆಗೆದ ಎಣ್ಣೆಯನ್ನು ಎರಡು ಬಾಟಲಿಗೆ ತುಂಬಿದರು. ಒಂದರಲ್ಲಿ ಕರಿಬೇವು ನೆನೆಸಿ ಸೋಸಿದ ಎಣ್ಣೆ, ಇನ್ನೊಂದರಲ್ಲಿ ಬರಿಯ ಎಣ್ಣೆ. ಎರಡನ್ನೂ ಒಂದೇ ಗೂಡಿನಲ್ಲಿಟ್ಟರು. ಬೇಸಿಗೆ ಕಳೆದ ಮೇಲೆ ಗುಡ್ಡವ್ವ ತಾನೇ ಮೂಸಿದಳು. ಬರಿಯ ಎಣ್ಣೆಗೆ ಮುಖ ಸಿಂಡರಿಸಿದಳು. ಕರಿಬೇವಿನದನ್ನು ಚಟ್ನಿಪುಡಿಗೆ ಸುರಿದುಕೊಂಡು ಒಂದಿಡೀ ರೊಟ್ಟಿ ತಿಂದು ಎದ್ದಳು.

"ನಡಿಯವಾ, ಆ ಮುಕುಂದನ ಅಂಗಡಿಗೆ ನಾನೂ ಬರ್ತೇನಿ!"

ಅಂಗಡಿಯಲ್ಲಿ ಗುಡ್ಡವ್ವ ಅವನ ಅಂಗೈಗೆ ಕರಿಬೇವಿನ ಎಣ್ಣೆ ಹನಿಸಿದಳು. "ಈಗ ಮೂಗು ಮುರಿಯಪಾ, ನೋಡೂಣು."

ಮುಕುಂದ ಮೂಸಿದ, ಮತ್ತೊಮ್ಮೆ ಮೂಸಿದ. ಮುಂದಿನ ಹಲಗೆಯಲ್ಲಿ ಜಾಗ ಮಾಡತೊಡಗಿದ.

"ಅಲ್ಲೆ ಬಿಸಿಲು ಬೀಳತೈತಿ, ಒಳಗ ಇಡು," ಎಂದು ಗುಡ್ಡವ್ವ ಗದರಿದಳು.

ಅಕ್ಕಂದಿರೇ, ಕಮಟು ವಾಸನೆಗೆ ಹೊಂದಿಕೊಳ್ಳಬೇಡಿ. ಹಳೆ ಎಣ್ಣೆಯ ಮೇಲೆ ಹೊಸದನ್ನು ಸುರಿಯಬೇಡಿ. ಗಾಳಿ ಬೆಳಕಿಗೆ ತೆರೆದಿಡಬೇಡಿ. ಗಾಣದ ಎಣ್ಣೆ ಬಾಳಿಕೆ ಬರುವುದಿಲ್ಲ ಎನ್ನುವವರ ಮುಂದೆ ತಲೆ ತಗ್ಗಿಸಲೂ ಬೇಡಿ. ನಿಮ್ಮ ಹಿತ್ತಿಲಲ್ಲಿ ಕರಿಬೇವಿದೆ. ಈ ವಾರವೇ ಒಂದು ಬಾಟಲಿ ಮಾಡಿ, ನಿಮ್ಮ ಮೂಗಿನಿಂದಲೇ ಪರೀಕ್ಷಿಸಿ.