ಒಂದು ಇಂಚು ಜಾಸ್ತಿ

ನಮ್ಮ ಟೈಲರ್ ಅಂಗಡಿಗೆ ಬಾಗಿಲೆಂದರೆ ಕಟಿಂಗ್ ಟೇಬಲ್ಲೇ. ಕೀಲು ಹಾಕಿದ ಹಲಗೆ ಇಳಿಸಿದರೆ ಗಿರಾಕಿ ಆಚೆ, ನಾನು ಈಚೆ. ಹೊರಗೆ ಹೋಗಬೇಕಾದರೆ ಬಟ್ಟೆಯನ್ನೆಲ್ಲ ತೆಗೆದು ಹಲಗೆ ಎತ್ತಬೇಕು. ಆರು ತಿಂಗಳಿಂದ ಅದನ್ನು ಇಳಿಸಿದ ಕೂಡಲೇ ನನಗೆ ಎದೆ ಡವಡವ, ಅಂಗೈ ಒದ್ದೆ. 'ಸೆಖೆ' ಎಂದು ಎಲ್ಲರಿಗೂ ಕತೆ ಹೊಡೆಯುತ್ತಿದ್ದೆ. ಚಳಿಗಾಲದಲ್ಲೂ.

ಅಂದು ಅಣ್ಣ ಶಾಲೆಯ ಸಮವಸ್ತ್ರದ ಬಟ್ಟೆಯನ್ನು ಹತ್ತು ಪದರ ಹಾಸಿ, "ಊಟದ ಹೊತ್ತಿಗೆ ಕಟಿಂಗ್ ಮುಗೀಬೇಕು," ಎಂದು ಗುಂಡಿ ತರಲು ಹೋದ. ಹತ್ತನ್ನೂ ಒಟ್ಟಿಗೆ ಕತ್ತರಿಸುವುದು. ಕೈ ತಪ್ಪಿದರೆ ಹತ್ತು ಅಂಗಿಯೂ ಹೋದಂತೆ. ಗೆರೆ ಎಳೆದೆ, ಅಳೆದೆ, ಒರೆಸಿದೆ. ನಾಲ್ಕು ಸಲ. ಅಳತೆ ಸರಿಯಾಗಿಯೇ ಇತ್ತು. ಈ ಹಾಳು ತಲೆ ಒಪ್ಪಬೇಕಲ್ಲ! ಅಂಗೈ ಒರೆಸಿಕೊಂಡು ಮತ್ತೆ ಟೇಪು ಎತ್ತಿಕೊಂಡೆ.

ಹಿಂದೆ ಮೆಷಿನ್ ತುಳಿಯುತ್ತಿದ್ದ ಅತ್ತಿಗೆ ಕಾಲು ನಿಲ್ಲಿಸಿದರು. ನನಗೆ ಹೊಲಿಗೆ ಕಲಿಸಿದವರೇ ಅವರು.

"ಏನಾಯ್ತೋ?"

"ಸೆಖೆ."

"ನನ್ನ ಹತ್ರಾನೂ ಅದೇ ಕತೆನಾ?"

ಸಿಟ್ಟು ಬಂತು, ಅದರ ಹಿಂದೆಯೇ ಅಳು. "ಭಯ, ಅತ್ತಿಗೆ. ಎದ್ದಾಗಿಂದ ಮಲಗೋವರೆಗೂ. ಯಾಕೆ ಅಂತ ಕೇಳ್ಬೇಡಿ, ನಂಗೇ ಗೊತ್ತಿಲ್ಲ. ಎಲ್ಲಿ ಚಿಕ್ಕದಾಗುತ್ತೋ ಅಂತ ಪ್ರತಿ ಅಂಗಿನೂ ಒಂದಿಂಚು ಜಾಸ್ತಿ ಬಿಟ್ಟೇ ಕತ್ತರಿಸ್ತಿದೀನಿ. ಅಣ್ಣಂಗೆ ಹೇಳ್ಬೇಡಿ, ಕತ್ತರಿ ಕಿತ್ಕೊಂಡ್ಬಿಡ್ತಾನೆ."

"ಆರು ತಿಂಗಳಿಂದ ಆ ಒಂದಿಂಚನ್ನ ಒಳಗೆ ಹಿಡಿದು ಹೊಲೀತಿರೋದು ಯಾರು ಅಂದ್ಕೊಂಡೆ?"

ನಾಚಿಕೆಯಿಂದ ಕುಗ್ಗಿಹೋದೆ. ಗಿರಾಕಿಗಳು ಯಾರೂ ದೂರು ಹೇಳದಿದ್ದುದಕ್ಕೆ ನನ್ನ ಕೈಚಳಕವೇ ಕಾರಣವೆಂದು ಬೀಗಿದ್ದೆ ಬೇರೆ.

"ನೀವಾದ್ರೂ ಒಂದು ಮಾತು ಕೇಳಬಹುದಿತ್ತಲ್ಲ, ಅತ್ತಿಗೆ?"

"ಕೇಳಿದ್ರೆ ಅಂಗಡಿಗೆ ಬರೋದೇ ಬಿಡ್ತೀಯೇನೋ ಅಂತ ನಂಗೂ ಭಯ ಕಣೋ." ಅತ್ತಿಗೆ ಎದ್ದು ಬಂದು ಬಟ್ಟೆಯ ಒಂದು ತುದಿ ಹಿಡಿದರು. "ಆ ಕಡೆ ಹಿಡ್ಕೋ. ಹಲಗೆ ಎತ್ತಿಬಿಟ್ಟು ನೆಲದ ಮೇಲೆ ಹಾಸೋಣ."

"ಅಣ್ಣ ಬೈತಾನೆ."

"ಬೈಲಿ."

ಹಲಗೆ ಎತ್ತಿ ಗೋಡೆಗೆ ಒರಗಿಸಿದರು. ಬೀದಿ ಕಾಣಿಸಿತು. ಎದೆಯ ಡವಡವ ಮಾತ್ರ ನಿಲ್ಲಲಿಲ್ಲ. ಅತ್ತಿಗೆ ಎದುರಿಗೆ ಕುಳಿತು ಎರಡೂ ಅಂಗೈಯಿಂದ ಬಟ್ಟೆ ಒತ್ತಿ ಹಿಡಿದರು.

"ಕೈ ನಡುಗ್ತಿದೆ."

"ನಡುಗಲಿ. ಗೆರೆ ನಾನು ನೋಡ್ತಿರ್ತೀನಿ."

ಒಂದಿಂಚು ಬಿಡದೆ, ಗೆರೆಯ ಮೇಲೆಯೇ ಕತ್ತರಿಸತೊಡಗಿದೆ. ಒಂದು ತೋಳು ಅರ್ಧ ಕತ್ತರಿಸಿಯಾಗಿತ್ತು, ಅಷ್ಟರಲ್ಲಿ ಅಣ್ಣ ಬಂದ. ಎತ್ತಿದ ಹಲಗೆ ನೋಡಿದ, ನೆಲದ ಮೇಲಿನ ಬಟ್ಟೆ ನೋಡಿದ. "ಏನಿದು ಅವತಾರ?"

ಅತ್ತಿಗೆ ಬಟ್ಟೆ ಒತ್ತಿ ಹಿಡಿದೇ ಇದ್ದರು. ನನ್ನನ್ನೇ ನೋಡುತ್ತಿದ್ದರು. 'ಸೆಖೆ' ನಾಲಿಗೆಯ ತುದಿಗೆ ಬಂದು ಕುಳಿತಿತ್ತು.

"ಭಯ, ಅಣ್ಣ," ಎಂದೆ. ಕತ್ತರಿಯನ್ನು ಕೈಯಿಂದ ಬಿಡಲಿಲ್ಲ.